ಹುಬ್ಬಿನ ಮೇಲಿನ ಗಾಯ

ಕಣ್ಣಾರೆ ಕಂಡದ್ದು ನಿಜ, ಉಳಿದದ್ದೆಲ್ಲ ಬೊಗಳೆ ಎನ್ನುವವರ ಪೈಕಿ ನಾನು. ದೆವ್ವ ಕಂಡೆ, ಕನಸು ಬಿತ್ತು ಎಂದವರನ್ನು ಎದುರಿಗೇ ನಕ್ಕು ಕಳಿಸುತ್ತಿದ್ದೆ. ಆದರೆ ರಾಜ್ಯದ ಗಡಿಯಲ್ಲಿ ವಾಹನ ತಪಾಸಣೆ ಮಾಡುವ ಕೊಗನೊಳ್ಳಿ ನಾಕಾದಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ಏನೆಂದು ಹೇಳಲಿ, ನನಗೇ ತಿಳಿಯದು.

ಮುಂಬಯಿಯಲ್ಲಿ ಬಾಂಬುಗಳು ಸಿಡಿದ ವರ್ಷ ಅದು. ನಾನಾಗ ನಿಪ್ಪಾಣಿಯಲ್ಲಿ ಮಾಸ್ತರ. ವಾರಸುದಾರರಿಲ್ಲದ ಚೀಲ ಮುಟ್ಟಬೇಡಿ, ಕಂಡದ್ದನ್ನು ಪೊಲೀಸರಿಗೆ ಹೇಳಿ, ಜನ ಕಣ್ಣು ತೆರೆದಿದ್ದರೆ ಭಯೋತ್ಪಾದಕರ ಆಟ ನಡೆಯದು ಎಂದು ಮಕ್ಕಳಿಗೆ ಪಾಠ ಹೇಳಿದ್ದೆ. ಆದರೆ ನಮ್ಮ ಕಡೆ ಬಸ್ಸಿನಲ್ಲಿ ಜಾಗ ಹಿಡಿಯುವುದೇ ಕಿಟಕಿಯಿಂದ. ಹೊರಗಿನವರು ಟವೆಲ್ಲೋ ಚೀಲವೋ ಕೊಟ್ಟರೆ ಒಳಗಿದ್ದವರು ಸೀಟಿನ ಮೇಲಿಡುತ್ತಾರೆ, ಯಾರು ಏನು ಎಂದು ಕೇಳುವುದಿಲ್ಲ. ಆ ದಿನ ನಿಪ್ಪಾಣಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಬಳಿ ಕೂತಿದ್ದೆ; ಕೊಲ್ಹಾಪುರದಲ್ಲಿ ಒಬ್ಬ ತರುಣ ಹಾಗೆಯೇ ಚೀಲ ಕೊಟ್ಟ, ಪಾಠ ಹೇಳಿದ ನಾನೂ ಪಕ್ಕದಲ್ಲಿಟ್ಟೆ. ಅವನ ಎಡ ಹುಬ್ಬು ಒಡೆದು ರಕ್ತ ಇಳಿಯುತ್ತಿತ್ತು.

ಅವನು ಬಂದು ಕೂಡಲಿಲ್ಲ. ಹಿಂದೆಲ್ಲೋ ನಿಂತಿರಬೇಕು ಅಂದುಕೊಂಡೆ. ಕೊಗನೊಳ್ಳಿಯಲ್ಲಿ ಪೊಲೀಸರು ಹತ್ತಿ ಚೀಲ ಯಾರದೆಂದು ಕೇಳಿದಾಗ ಯಾರೂ ತಮ್ಮದೆನ್ನಲಿಲ್ಲ. ಎಲ್ಲರನ್ನೂ ಇಳಿಸಿ ಸಾಲಾಗಿ ನಿಲ್ಲಿಸಿದರು. ಪೊಲೀಸ್ ಫೌಜದಾರರಿಗೆ ಎಲ್ಲ ಹೇಳಿದೆ, ಹುಬ್ಬಿನ ಗಾಯವನ್ನೂ ಹೇಳಿದೆ.

ಸಾಲಿನಲ್ಲಿ ಅವನಿದ್ದ. ಅದೇ ಮುಖ, ಅದೇ ಅಂಗಿ. ಗಾಯ ಮಾತ್ರ ಇರಲಿಲ್ಲ. ಗಲಿಬಿಲಿಯಾಯಿತು, ಆದರೂ ಅವನತ್ತ ಬೆರಳು ತೋರಿಸಿದೆ.

"ನಾ ಹತ್ತಿದ್ದ ಕಾಗಲದಾಗರಿ, ಸಾಹೇಬ್ರ" ಎಂದ ಅವನು. ಕಾಗಲ ಕೊಲ್ಹಾಪುರ ದಾಟಿದ ಮೇಲೆ ಸಿಗುವ ಊರು. ಫೌಜದಾರರು ಕೆನ್ನೆಗೆ ಬಾರಿಸಿದರು. ಅವನು ಬಸ್ಸಿನ ಬಾಗಿಲಿಗೆ ಬಡಿದು ಕುಸಿದ. ಎದ್ದಾಗ ಎಡ ಹುಬ್ಬು ಒಡೆದಿತ್ತು, ನಾನು ಹೇಳಿದಲ್ಲಿಯೇ.

ಅವನ ಟಿಕೆಟ್ ಕಾಗಲದ್ದೇ ಆಗಿತ್ತು, ಕಂಡಕ್ಟರನೂ ಹೌದೆಂದ. ದೂರ ಒಯ್ದು ಬಿಚ್ಚಿದ ಚೀಲದಲ್ಲಿ ಸಿಕ್ಕಿದ್ದು ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅವನನ್ನು ಬಿಟ್ಟರು.

ಬಸ್ಸಿನಲ್ಲಿ ಖಾಲಿ ಉಳಿದದ್ದು ನನ್ನ ಪಕ್ಕದ ಜಾಗವೊಂದೇ. ಅವನು ಅಲ್ಲೇ ಕೂತ. ನನ್ನ ಟವೆಲ್ ಕೊಟ್ಟೆ, ಹುಬ್ಬಿಗೆ ಒತ್ತಿಕೊಂಡ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ನಿಪ್ಪಾಣಿ ಹತ್ತಿರ ಬಂದಾಗ ಮೆಲ್ಲಗೆ ಕೇಳಿದ.

"ಸರ, ಖರೇ ಹೇಳ್ರಿ. ನೀವು ನನ್ನ ಎಲ್ಲಿ ನೋಡಿದ್ರಿ?"

ಕೊಲ್ಹಾಪುರದಲ್ಲಿ ಎಂದರೆ ಸುಳ್ಳು, ನೋಡಿಲ್ಲ ಎಂದರೂ ಸುಳ್ಳು. ಆಗಲಿದ್ದ ಗಾಯ ನನಗೆ ಮೊದಲೇ ಕಂಡಿತೋ, ನಾನು ಹೇಳಿದ್ದಕ್ಕೇ ಗಾಯವಾಯಿತೋ, ಇಷ್ಟು ವರ್ಷವಾದರೂ ಬಗೆಹರಿದಿಲ್ಲ. ಗಾಯವಿಲ್ಲದ ಮುಖ ಕಂಡೂ ಬೆರಳು ತೋರಿಸಿದೆ ಎಂಬುದಷ್ಟೇ ನನಗೆ ಖಚಿತವಾಗಿ ಗೊತ್ತು.