ಉಜ್ಜದೆ ಬಿಟ್ಟ ಕಲ್ಲು

ಅವರ ಎಡಗಿವಿ ಅರ್ಧವೇ ಇತ್ತು. ಬಿಟ್ಟಿ ದುಡಿತದ ವಿರುದ್ಧ ತಮ್ಮ ಪತ್ರಿಕೆಯಲ್ಲಿ ಮೊದಲ ಸಲ ಬರೆದಾಗ ಜಾಗೀರದಾರನ ಮಂದಿ ಶಹಾಪುರದ ಸಂತೆಯಲ್ಲಿ ಹಿಡಿದು ಕುಡುಗೋಲಿನಿಂದ ಕೊಯ್ದಿದ್ದರು. "ಇನ್ನೊಂದು ಅದ, ಬೇಕಾದ್ರ ಅದನ್ನೂ ಒಯ್ಯಲಿ" ಎನ್ನುತ್ತಿದ್ದರು.

ನಿಜಾಮನ ಆಳ್ವಿಕೆ ಮುಗಿಯುತ್ತ ಬಂದ ಕಾಲ. ಸುರಪುರದಲ್ಲಿ ಅವರನ್ನು ಎಲ್ಲರೂ ಪತ್ರಿಕೆಯವರು ಎನ್ನುತ್ತಿದ್ದರು. ಪಕ್ಕದ ಮನೆಯವಳಾದ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಈಚೆಗೆ ಅವರ ಮೇಲೆ ದೊಡ್ಡ ಸಿನಿಮಾ ಮಾಡುತ್ತೇವೆಂದು ಬಂದ ಹುಡುಗರು, ನಿಮ್ಮಿಬ್ಬರ ಪ್ರೀತಿ ಹೇಗೆ ಶುರುವಾಯಿತು ಎಂದು ಕೇಳಿದರು. ಬೈಗುಳದಿಂದ ಎಂದೆ. ಪಾಪ, ಅವರಿಗೆ ಕೃಷ್ಣೆಯ ದಂಡೆಯಲ್ಲೊಂದು ಹಾಡು ಬೇಕಿತ್ತಂತೆ.

ಪತ್ರಿಕೆ ಕಲ್ಲಚ್ಚಿನದು, ಅವರ ಮನೆಯಲ್ಲೇ ಅಚ್ಚಾಗುತ್ತಿತ್ತು. ಅವರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ನಾನು ಜಿಡ್ಡಿನ ಮಸಿಯಲ್ಲಿ ಕಾಗದದ ಮೇಲೆ ದುಂಡಗೆ ಬರೆಯಬೇಕು. ಅದನ್ನು ಒತ್ತಿದರೆ ಅಕ್ಷರ ತಿರುವಾಗಿ ಕಲ್ಲಿಗಿಳಿಯುತ್ತಿತ್ತು. ಪ್ರತಿ ತೆಗೆದ ಕೂಡಲೇ ಮರಳು, ನೀರು ಹಾಕಿ ಕಲ್ಲನ್ನು ಉಜ್ಜಬೇಕು, ಇಲ್ಲದಿದ್ದರೆ ಜಾಗೀರದಾರನಿಗೆ ಅದೇ ಸಾಕ್ಷಿ. ಸಾಲು ಸೊಟ್ಟಗಾದರೆ, "ಅಕ್ಕೋರ, ಇದೇನು ಎತ್ತು ಉಚ್ಚಿ ಹೊಯ್ದಂಗ ಬರ್ದೀರಿ!" ಎಂದು ರೇಗುತ್ತಿದ್ದರು. ಶಾಲೆಯ ಹುಡುಗಿಯರಂತೆ ಅಕ್ಕೋರ ಎಂದು ಕರೆದು ಕಾಡುವುದು ಬೇರೆ.

ದೇವಾಪುರದ ಕಡೆ ಬಿಟ್ಟಿಗೆ ಬರಲಿಲ್ಲವೆಂದು ಇಬ್ಬರನ್ನು ಗಿಡಕ್ಕೆ ಕಟ್ಟಿ ಬಡಿದು ಕೊಂದಿದ್ದರು. ಆ ಸುದ್ದಿ ಅಚ್ಚಾದ ದಿನ ಅವರು ಕಲ್ಲು ಉಜ್ಜಲಿಲ್ಲ. "ಇಷ್ಟು ಚಂದ ಬರ್ದೀರಿ, ಅಳಸಾಕ ಮನಸಾಗವಲ್ದು. ನಾಳಿ ಉಜ್ಜೋಣು" ಎಂದರು. ನಾನು ಜಗಳ ತೆಗೆಯಬೇಕಿತ್ತು. ನಾಚಿಕೊಂಡು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಜಾಗೀರದಾರನ ಬಂದೂಕಿನವರು ಬಾಗಿಲು ಒದ್ದು ಒಳಗೆ ಬಂದರು. ಪತ್ರಿಕೆಯವರ ತಾಯಿಗೆ ಕಣ್ಣು ಮಂದ. ಶಾಲೆಗೆ ಹೋಗುವ ಮೊದಲು ನಾನೇ ರೊಟ್ಟಿ ಬಡಿದುಕೊಡುತ್ತಿದ್ದೆ, ಅಂದೂ ಒಲೆಯ ಮುಂದಿದ್ದೆ. ಬಂದೂಕಿನವರ ಜಮಾದಾರ ಕನ್ನಡಿ ಹಿಡಿದು ಕಲ್ಲಿನ ತಿರುವು ಅಕ್ಷರ ಓದಿದ.

"ಬರದವರು ಯಾರಲೇ?"

"ನಾನಽ."

"ಒಳಗಿನಾಕಿ ಯಾರು?"

"ರೊಟ್ಟಿ ಬಡಿಯಾಕಿ. ಆಕಿಗಿ ಅಕ್ಷರ ಬರಂಗಿಲ್ಲ."

ಜಮಾದಾರ ನಕ್ಕು, ಕಾಗದ ಲೇಖನಿ ಅವರ ಮುಂದಿಟ್ಟು, "ಹಂಗಾದ್ರ ಒಂದು ಸಾಲು ಬರದ ತೋರ್ಸು" ಎಂದ.

ಬರೆದಿದ್ದರೆ ಕಲ್ಲಿನ ಅಕ್ಷರ ಅವರದಲ್ಲವೆಂದು ತಿಳಿಯುತ್ತಿತ್ತು, ಮುಂದಿನ ಪಾಳಿ ನನ್ನದು. ಅವರು ಬಲಗೈಯನ್ನು ಹೊಸ್ತಿಲ ಮೇಲಿಟ್ಟು, ಎಡಗೈಯಿಂದ ಕಟ್ಟೆಯ ಮೇಲಿದ್ದ ಆ ಕಲ್ಲನ್ನು ಎಳೆದು ಕೈಮೇಲೆ ಕೆಡವಿಕೊಂಡರು. ಎಲುಬು ಮುರಿದ ಸಪ್ಪಳ ಒಲೆಯವರೆಗೆ ಕೇಳಿತು. "ಈಗ ಹೆಂಗ ಬರೀಲ್ರಿ, ಸಾಹೇಬ್ರ?" ಎಂದರು. ಸಿಟ್ಟಿಗೆದ್ದವರು ಬಂದೂಕಿನ ಹಿಡಿಯಿಂದ ಬಾಯಿಗೆ ಬಡಿದರು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಗೊತ್ತಾಗಿಬಿಡುತ್ತಿತ್ತು.

ಹೊಡೆದು ದಣಿದವರು ಅಲ್ಲಿಯೇ ಉಣ್ಣಲು ಕುಳಿತರು. ಬಡಿಸಿದವಳು ನಾನೇ. ಪತ್ರಿಕೆಯವರ ಮುಂದೆಯೂ ಒಂದು ರೊಟ್ಟಿ ಇಟ್ಟೆ. ಒಡೆದ ಬಾಯಲ್ಲಿ ಒಂದು ತುತ್ತು ಇಟ್ಟುಕೊಂಡು, ಆಳಿಗೆ ಗದರುವಂತೆ, "ಪಲ್ಯಾಕ ಖಾರ ಕಮ್ಮಿ ಆಗ್ಯಾದ" ಎಂದರು. ಆಮೇಲೆ ಅವರನ್ನು ಕುದುರೆಗೆ ಕಟ್ಟಿ ಯಾದಗಿರಿಯ ಹಾದಿ ಹಿಡಿದರು. ಊರು ಮುಟ್ಟುವ ಮೊದಲೇ ಜೀವ ಹೋಗಿತ್ತು.

ಸುದ್ದಿ ಬಂದಾಗ ಅವರ ತಾಯಿ ನನ್ನ ಮುಖ ತಡವಿ ನೋಡಿ ಹೇಳಿದರು: "ಅಂವ ಸಾಯತಾನಂತ ನನಗ ಗೊತ್ತಿತ್ತವ್ವಾ. ನೀ ಉಳೀತಿ ಅಂತ ಗೊತ್ತಿರಲಿಲ್ಲ." ಆಕೆ ಇರುವವರೆಗೂ ಅದೇ ಮನೆಯಲ್ಲಿದ್ದೆ, ಮದುವೆಯಾಗದ ಸೊಸೆಯಾಗಿ.

ಇಷ್ಟು ವರ್ಷದ ನನ್ನ ಆಯುಷ್ಯ ಅವರು ಕೊಟ್ಟದ್ದು. ಬೇಕೇನು ಎಂದು ಒಂದು ಮಾತು ನನ್ನನ್ನು ಕೇಳಬೇಕಿತ್ತು. ಆ ಸಿಟ್ಟು ಇನ್ನೂ ಹೋಗಿಲ್ಲ.