ಗದ್ದಲದ ಮನೆಯಲ್ಲಿ ಇರುವೆಯ ಸದ್ದು

ಗೊದ್ದದಕ್ಕ. ವಯಸ್ಸು ಐವತ್ನಾಲ್ಕು. ಸಂಸಾರವೆಂದರೆ ಗಂಡ, ಮತ್ತು ಮದುವೆಯಾಗಿ ಬೇರೆ ಹೋದ ಮೇಲೂ ಆಗಾಗ ಬಂದು ತಾಯಿಯ ಅಡುಗೆಗೆ ಹೆಸರಿಟ್ಟು, ಅದನ್ನೇ ಎರಡೆರಡು ಸಲ ಬಡಿಸಿಕೊಂಡು ಉಣ್ಣುವ ಇಬ್ಬರು ಹೆಣ್ಣುಮಕ್ಕಳು. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇದೆ. ಅದನ್ನು ಹಿಡಿದು ಕರೆದರೆ ಆಕೆ ತಿರುಗಿ ನೋಡುವುದಿಲ್ಲ. ಕಾಡಿನ ಅಂಚಿನಲ್ಲಿ ಮನೆ ಕಟ್ಟಿಕೊಂಡವರ ಬಾಗಿಲು, ಕಿಟಕಿ, ತೊಲೆಗಳನ್ನು ಕೊರೆದು ಗೂಡು ಮಾಡುವ ದಪ್ಪ ಕಪ್ಪಿರುವೆಗೆ ಗೊದ್ದವೆಂದು ಹೆಸರು. ಅದನ್ನು ಮನೆಯಿಂದ ಬಿಡಿಸುವುದು ಆಕೆಯ ಕಸುಬು.

ಆ ಕಸುಬಿನಲ್ಲಿ ಆಕೆಯ ಆಯುಧ ಕಿವಿ. ತಿರುಪುಳಿಯ ಹಿಡಿಯಿಂದ ಮರವನ್ನು ಮೆಲ್ಲಗೆ ತಟ್ಟಿ, ಸ್ಟೀಲು ಲೋಟವೊಂದನ್ನು ಅದಕ್ಕೆ ಒತ್ತಿ, ಕಿವಿಗೊಟ್ಟು ನಿಲ್ಲುತ್ತಾಳೆ. ಒಳಗೆ ಗೂಡಿದ್ದರೆ, ಯಾರೋ ಕಾಗದದ ಪೊಟ್ಟಣವನ್ನು ಕದ್ದು ಬಿಚ್ಚುತ್ತಿರುವಂತೆ ಸರಸರ ಸದ್ದು ಬರುತ್ತದೆ. ಕೇಳದೆ ಕೊರೆಯುವ ಪದ್ಧತಿ ಆಕೆಯದಲ್ಲ. ಸುಮ್ಮನೆ ರಂಧ್ರ ಮಾಡಿದರೆ ಗೊದ್ದ ಗಾಬರಿಗೊಂಡು ಮನೆಯ ತುಂಬ ಚದುರಿ, ಒಂದು ಗೂಡಿದ್ದಲ್ಲಿ ನಾಲ್ಕಾಗುತ್ತದೆ. ಆದ್ದರಿಂದ ಆಕೆಗೆ ಬೇಕಾದದ್ದು ಒಂದೇ: ನಿಶ್ಶಬ್ದ. ವ್ಯಾನು ಓಡಿಸಿ, ಏಣಿ ಹಿಡಿಯುವ ಗಂಡ ಈ ವಿಷಯದಲ್ಲಿ ದೇವರು ಕೊಟ್ಟ ವರ. ಮಾತಾಡಿದರೆ ಮೈಯ ತೂಕ ಇಳಿದುಹೋಗುತ್ತದೆಂದು ನಂಬಿದವನಂತೆ ಆತ ಬಾಳಿದ್ದಾನೆ.

ಇಂಥ ಗೊದ್ದದಕ್ಕನಿಗೆ ನಿವೃತ್ತ ಬಸ್ ಕಂಡಕ್ಟರರ ಮನೆಯಿಂದ ಕರೆ ಬಂತು.

ಮನೆ ಕಾಡಿಗೆ ಬೆನ್ನು ಕೊಟ್ಟು ನಿಂತಿತ್ತು. ಮರದ ಕೊಂಬೆಯೊಂದು ಹೆಂಚಿನ ಮಾಡನ್ನು ಮುಟ್ಟುತ್ತಿದ್ದುದನ್ನು ನೋಡಿ, ಇರುವೆಗಳಿಗೆ ಇದು ರಾಜಮಾರ್ಗವೆಂದು ಆಕೆ ಒಳಗೆ ಹೋಗುವ ಮೊದಲೇ ಅಂದುಕೊಂಡಳು. ಕೆಳಗಿನ ಕೋಣೆಯ ಮೂಲೆಯಲ್ಲಿ, ತೊಲೆಯ ತುದಿಯೂ ಕಿಟಕಿಯೂ ಕೂಡುವಲ್ಲಿ, ನೆಲದ ಮೇಲೆ ಮರದ ಪುಡಿ ಬಿದ್ದಿತ್ತು. ಮಹಡಿಯ ಹಲಗೆಯನ್ನೆಲ್ಲ ಹೊತ್ತಿರುವುದು ಆ ತೊಲೆಯೇ. ನಾಡಿದ್ದು ಮಹಡಿಯ ಮೇಲೆ ಕಂಡಕ್ಟರರ ಮಗಳ ಮದುವೆ. ನೆಂಟರೆಲ್ಲ ಅಲ್ಲಿಯೇ ಕುಣಿಯುವವರು.

"ತೊಲೆ ಟೊಳ್ಳಾಗಿದ್ರೆ ಹೇಳಿಬಿಡಮ್ಮಾ, ಬೇರೆ ಹಾಲ್ ನೋಡ್ತೀನಿ," ಎಂದರು ಕಂಡಕ್ಟರು. ಫುಟ್‌ಬೋರ್ಡಿನಿಂದ ಹಿಂದಿನ ಸೀಟಿನವರೆಗೂ ತಲುಪಿ ಅಭ್ಯಾಸವಾಗಿದ್ದ ಆ ಧ್ವನಿಗೆ ಮೆಲ್ಲಗೆಂಬುದೇ ತಿಳಿಯದು.

"ಬೇರೆ ಹಾಲ್‌ಗೆ ಅಜ್ಜಿ ಹೇಗೆ ಬರ್ತಾರಪ್ಪಾ?" ಎಂದಳು ಮದುವಣಗಿತ್ತಿ. ಮೊಣಕಾಲು ಹಿಡಿದುಹೋದ ಮೇಲೆ ಅಜ್ಜಿ ಮಹಡಿಯಿಂದ ಇಳಿದೇ ಇರಲಿಲ್ಲ. ಹೊತ್ತು ಇಳಿಸೋಣವೆಂದರೆ, ತಾನೇನು ಬೀರುವೇ ಎಂದು ಮುಟ್ಟಗೊಡುತ್ತಿರಲಿಲ್ಲ. "ಅಜ್ಜಿ ಇಲ್ದಿರೋ ಮದುವೆ ನಂಗೆ ಬೇಡ. ಅಕ್ಕಾ, ತೊಲೆ ಚೆನ್ನಾಗಿದೆ ಅಂತ ಹೇಳಿಬಿಡಿ!"

"ಕೇಳದೆ ಹೇಳೋಳಲ್ಲ ನಾನು," ಎಂದು ಗೊದ್ದದಕ್ಕ ಏಣಿ ಹತ್ತಿದಳು. "ಒಂದೇ ಒಂದು ನಿಮಿಷ. ಯಾರೂ ಉಸಿರೆತ್ತಬೇಡಿ."

"ಎಲ್ರೂ ಕೇಳಿಸ್ಕೊಳ್ಳಿ!" ಕಂಡಕ್ಟರು ಗುಡುಗಿದರು. "ಯಾರೂ ಮಾತಾಡಬಾರದಂತೆ!"

ಹಲಗೆಯ ಸಂದಿನಿಂದ ಅಜ್ಜಿಯ ದನಿ ಇಳಿಯಿತು. "ಯಾರೋ ಮಾತಾಡ್ತಿರೋದು? ನೀನೇ ತಾನೆ?"

"ಅಮ್ಮಾ, ನಾನು ಸುಮ್ಮನಿರಿ ಅಂತ ಹೇಳ್ತಿದೀನಿ!"

"ಹೇಳೋದನ್ನೇ ಮಾತು ಅನ್ನೋದು, ದಡ್ಡ!"

"ಅಯ್ಯೋ, ಇಬ್ರೂ ಬಾಯಿ ಮುಚ್ಕೊಳಿ!" ಎಂದು ಮದುವಣಗಿತ್ತಿ ಇಬ್ಬರನ್ನೂ ಮೀರಿಸಿ ಕಿರುಚಿದಳು.

ಗೊದ್ದದಕ್ಕ ಇಳಿದು ಬಂದು, ಅಪ್ಪಮಗಳನ್ನು ಅಂಗಳಕ್ಕೆ ಅಟ್ಟಿ, ಬಾಗಿಲು ಹಾಕಿ, ಮತ್ತೆ ಹತ್ತಿದಳು. ಲೋಟಕ್ಕೆ ಕಿವಿ ತಾಗಿತೋ ಇಲ್ಲವೋ, ಅಂಗಳದಿಂದ ಕಂಡಕ್ಟರು ಕೂಗಿದರು: "ಕೇಳಿಸ್ತಾ?"

"ಇನ್ನೂ ಇಲ್ವಂತೆ!" ಎಂದು ಮಹಡಿಯಿಂದ ಅಜ್ಜಿಯೇ ಉತ್ತರ ಕೊಟ್ಟರು.

ಮೂರನೆಯ ಸಲ ಅಪ್ಪಮಗಳು ಬಾಯಿಗೆ ಟವೆಲು ತುರುಕಿಕೊಂಡು ಎದುರುಬದುರು ಕುಳಿತರು. ಕೋಣೆ ತಣ್ಣಗಾಯಿತು. ಅಷ್ಟರಲ್ಲಿ ಅಪ್ಪನ ಉಬ್ಬಿದ ಕೆನ್ನೆ ಮಗಳ ಕಣ್ಣಿಗೆ ಬಿತ್ತು. ಆಕೆಯ ಮೂಗಿನಿಂದ ನಗು ಸಿಡಿಯಿತು. ಅಪ್ಪನ ಟವೆಲು ಹಾರಿಹೋಯಿತು. ಏನೆಂದು ತಿಳಿಯದಿದ್ದರೂ ಅಜ್ಜಿ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೊದ್ದದಕ್ಕನ ಮುಖ ಕಲ್ಲಿನಂತಿತ್ತು. ಕಸುಬಿನ ಮರ್ಯಾದೆ ಅವಳಿಗೆ ಜೀವಕ್ಕಿಂತ ಹೆಚ್ಚು. ಆದರೆ ಏಣಿ ಅಲುಗಾಡುತ್ತಿತ್ತು: ಕೆಳಗೆ ಹಿಡಿದಿದ್ದ ಗಂಡ ಸದ್ದಿಲ್ಲದೆ ನಗುತ್ತಿದ್ದ.

"ನಾನು ಹೊರಟೆ," ಎಂದಳು ಆಕೆ. "ಕೇಳಿಸದ ತೊಲೆಗೆ ನಾನು ಹೊಣೆಯಲ್ಲ. ಬೇರೆ ಹಾಲ್ ನೋಡ್ಕೊಳಿ."

ಮದುವಣಗಿತ್ತಿಯ ನಗು ಅರ್ಧಕ್ಕೆ ನಿಂತು, ಕಣ್ಣು ತುಂಬಿ ಬಂತು.

"ಕುಣಿಸು," ಎಂದ ಗಂಡ.

ಗೋಡೆಯೇ ಮಾತಾಡಿತೆಂಬಂತೆ ಎಲ್ಲರೂ ಅವನತ್ತ ತಿರುಗಿದರು.

"ಏನ್ರೀ ಅಂದ್ರಿ?"

"ಉಸಿರಿದ್ರೆ ತಾನೆ ಮಾತು? ಕುಣಿಸು. ಉಸಿರು ಖರ್ಚಾಗಲಿ."

ಗೊದ್ದದಕ್ಕ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಏಣಿಯ ಮೇಲಿನಿಂದಲೇ ಆಜ್ಞೆ ಹೊರಟಿತು. "ಕೆಳಗಿನವರು ಈ ಕೋಣೆಯಲ್ಲೇ ಕುಣೀಬೇಕು. ಅಜ್ಜಿ, ನೀವು ಕೋಲು ಕುಟ್ಟಿ ಹಾಡಬೇಕು. ನಿಲ್ಲಿಸಿದ್ರೆ ನೋಡಿ!"

ಅಜ್ಜಿಗೆ ಹಾಡೆಂದರೆ ಗಂಟಲು ಹರಿಯುವುದು. ಕೋಲು ಹಲಗೆಯ ಮೇಲೆ ಧಡಧಡ ಬಿತ್ತು. ಕಂಡಕ್ಟರು ಲುಂಗಿ ಎತ್ತಿ ಕಟ್ಟಿ, ಬುಗುರಿಯಂತೆ ಮಗಳನ್ನು ಸುತ್ತಿಸಿದರು. ಕುರ್ಚಿ ಉರುಳಿತು, ಗೋಡೆಯ ಪಟ ವಾರೆಯಾಯಿತು. "ಇನ್ನೂ ಜೋರಾಗಿ!" ಎಂದು ಗೊದ್ದದಕ್ಕ ಮೇಲಿನಿಂದ ಗದರಿದಳು. "ಅಜ್ಜೀ, ಏನದು ಪಿಸುಮಾತು?" ಅಜ್ಜಿ ಆ ಮಾತಿಗೆ ಕೆರಳಿ ಮತ್ತೂ ಎರಡು ಸ್ಥಾಯಿ ಮೇಲೇರಿದರು. ಕೊನೆಗೆ ಹಾಡು ಕೆಮ್ಮಾಗಿ, ಕೆಮ್ಮು ಏದುಸಿರಾಯಿತು. ಅಪ್ಪಮಗಳು ನೆಲದ ಮೇಲೆ ಬೆನ್ನುಹಚ್ಚಿ ಬಿದ್ದರು. ಕಂಡಕ್ಟರು ಏನನ್ನೋ ಹೇಳಲು ಬಾಯಿ ತೆರೆದರು. ಗಾಳಿ ಹೊರಟಿತೇ ಹೊರತು ಮಾತು ಹೊರಡಲಿಲ್ಲ.

ಮನೆ ಸುಮ್ಮನಾಯಿತು.

ಗೊದ್ದದಕ್ಕ ತೊಲೆಗೆ ಕಿವಿಗೊಟ್ಟಳು. ಏನೂ ಇಲ್ಲ. ಒಂದು ಮೊಳ ಸರಿದಳು, ಅಲ್ಲಿಯೂ ಇಲ್ಲ. ತುದಿಯವರೆಗೂ ಮರ ಬಂಡೆಯಂತೆ ಮೌನವಾಗಿತ್ತು. ಮದುವಣಗಿತ್ತಿ ನೆಲದಿಂದಲೇ ಆಕೆಯ ಮುಖವನ್ನು ನೋಡುತ್ತಿದ್ದಳು. ಆಕೆ ಲೋಟವನ್ನು ಪಕ್ಕದ ಕಿಟಕಿಯ ಚೌಕಟ್ಟಿಗೆ ಒತ್ತಿದಳು. ಕೋಲಿನ ಹೊಡೆತಕ್ಕೆ ಎಚ್ಚೆತ್ತ ಗೊದ್ದಗಳು ಒಳಗೆ ಸಂತೆ ನೆರೆದಂತೆ ಸರಸರನೆ ಹರಿದಾಡುತ್ತಿದ್ದವು.

ಆಗ ಐವತ್ನಾಲ್ಕು ವರ್ಷದ ಆ ಹೆಂಗಸು ಏಣಿಯ ಮೇಲೆ ಒಂದು ಸಲ ಕುಪ್ಪಳಿಸಿದಳು. ಗಂಡ ಬಿಗಿಯಾಗಿ ಹಿಡಿದಿದ್ದರಿಂದ ಉಳಿದಳು.

"ತೊಲೆಗೆ ಏನೂ ಆಗಿಲ್ಲ! ಇರೋದೆಲ್ಲ ಕಿಟಕೀಲಿ!"

ಮಾತಾಡಲು ಯಾರಿಗೂ ಉಸಿರಿರಲಿಲ್ಲ. ಮಹಡಿಯ ಮೇಲೆ ಕೋಲು ಮಾತ್ರ ಒಮ್ಮೆ ಠಕ್ಕೆಂದಿತು.

ಚೌಕಟ್ಟು ಬಿಚ್ಚಿದಾಗ, ಮಳೆನೀರು ಕುಡಿದು ಮೆತ್ತಗಾದ ಮರದೊಳಗೆ ಗೂಡು ಸಿಕ್ಕಿತು. ರಬ್ಬರ್ ಬುರುಡೆ ಒತ್ತಿ ಇರುವೆಮದ್ದಿನ ಪುಡಿ ಊದಿ, ಚೌಕಟ್ಟನ್ನು ಚೀಲಕ್ಕೆ ಹಾಕಿ, ಮಾಡಿಗೆ ತಾಗಿದ್ದ ಕೊಂಬೆಯನ್ನು ಕಡಿದದ್ದಾಯಿತು. ತೊಲೆಯ ಉದ್ದಕ್ಕೂ ದಬ್ಬಣದಿಂದ ಚುಚ್ಚಿ ನೋಡಿದಳು. ಎಲ್ಲಿಯೂ ಅದು ಒಳಗಿಳಿಯಲಿಲ್ಲ. "ಧಾರಾಳವಾಗಿ ಕುಣೀರಿ," ಎಂದು ಆಕೆ ಕಂಡಕ್ಟರರಿಗೆ ಹೇಳಿದಳು.

ಮದುವೆಯ ದಿನ, ಮೊದಮೊದಲು ಆಕೆ ಕೈಕಟ್ಟಿ ತೊಲೆಯ ಕೆಳಗೆ ನಿಂತು, ಮೇಲಿನ ಕುಣಿತವನ್ನು ತೀರ್ಪುಗಾರಳಂತೆ ಆಲಿಸಿದಳು. ಆಮೇಲೆ ಅಜ್ಜಿಯ ಬುಲಾವು ಬಂತು. "ಕುಣಿಸೋಕೆ ಮಾತ್ರ ಬರುತ್ತೋ, ಕುಣಿಯೋಕೂ ಬರುತ್ತೋ? ಹತ್ತಿ ಬಾ, ನೋಡೇಬಿಡೋಣ!" ಸವಾಲೆಂದರೆ ಗೊದ್ದದಕ್ಕ ಬಿಡುವವಳಲ್ಲ.

ಮರುದಿನ ಬೆಳಗಾದ ಮೇಲೆ ಲೆಕ್ಕ ಹಾಕಿದಾಗ, ಆ ಮನೆಯಲ್ಲಿ ಆಕೆ ಬಿಟ್ಟುಬಂದದ್ದು ಇಷ್ಟು: ಕಿಟಕಿಯಿದ್ದ ಜಾಗದಲ್ಲಿ ಗಾಳಿ ತೂರಿಬರುವ ಒಂದು ಚೌಕ ಆಕಾಶ, ಎಡಗಾಲಿನ ಚಪ್ಪಲಿ, ಹಲಗೆಯ ಸಂದಿನಲ್ಲಿ ಕಿವಿಯ ಓಲೆಯೊಂದು, ಅಜ್ಜಿಯ ಹೆಗಲ ಮೇಲೆ ತನ್ನ ಶಾಲು, ಕಂಡಕ್ಟರರ ಕಾಲಿನ ಮೇಲೆ ತಾಳ ತಪ್ಪಿ ತುಳಿದ ಒಂದು ಕಪ್ಪು ಗುರುತು, ಬೇಲಿಯಾಚೆಯ ಮರದಲ್ಲಿ ಯಾರಿಗೂ ತೊಂದರೆ ಕೊಡದ ಕಾರಣ ಮುಟ್ಟದೆ ಉಳಿಸಿದ ಗೊದ್ದದ ದೊಡ್ಡ ಗೂಡು, ಮತ್ತು ಆ ಮನೆಯಲ್ಲಿ ಯಾರಾದರೂ ಸುಮ್ಮನೆ ಕುಳಿತರೆ ಸಾಕು, ಉಳಿದವರು ಗಾಬರಿಯಿಂದ ಓಡಿಬಂದು "ಏನಾಯ್ತು, ಕುಣಿದ್ಯಾ?" ಎಂದು ಕೇಳುವ ರೂಢಿ.