ಅಪ್ಪನ ಕಾರಿಗೆ ಅಳಿಯ ಆರಿಸಿದ ಚಕ್ರ

ತಂಗಿಯ ಗಂಡನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವನಿಗೂ ಗೊತ್ತು. ಆದರೂ ‘ಅಕ್ಕಾ, ಅಕ್ಕಾ’ ಎಂದು ಹಿಂದೆ ಮುಂದೆ ಸುತ್ತುತ್ತಾನೆ, ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತದೆ.

ಎಲ್ಲಕ್ಕೂ ಮೂಲ ಅಪ್ಪನ ಕಾರು. ಅಪ್ಪ ಎಲಿಕಾಟ್ ಸಿಟಿಯಲ್ಲಿ ಡಾಕ್ಟರಾಗಿದ್ದು ನಿವೃತ್ತನಾದವನು. ಈ ದೇಶಕ್ಕೆ ಬಂದ ಹೊಸದರಲ್ಲಿ, ಜೊತೆಯ ಡಾಕ್ಟರೊಬ್ಬರಿಂದ ಒಂದು ಮಸಲ್ ಕಾರು ಕೊಂಡ. ಎರಡೇ ಬಾಗಿಲು, ಉದ್ದ ಮೂತಿ, ಕಡುಹಸಿರು ಬಣ್ಣ, ಇಡೀ ಓಣಿಗೆ ಕೇಳಿಸುವ ಎಂಜಿನ್. ನಾನು ಅಮ್ಮನ ಜೊತೆ ಹುಬ್ಬಳ್ಳಿಯಿಂದ ಬಂದಾಗ ನನಗೆ ಎಂಟು ವರ್ಷ. ಏರ್‌ಪೋರ್ಟಿನಿಂದ ಮನೆಗೆ ಹೋದದ್ದು ಅದರಲ್ಲೇ. ತಂಗಿ ಹುಟ್ಟಿದ್ದು ಆಮೇಲೆ, ಅವಳಿಗೆ ಆ ಕಾರಿನ ಗೊಡವೆ ಎಂದೂ ಇರಲಿಲ್ಲ. ಭಾನುವಾರ ಅಪ್ಪ ಕಾರಿನ ಕೆಳಗೆ ಮಲಗಿ ಕೆಲಸ ಮಾಡುವಾಗ ಟಾರ್ಚು ಹಿಡಿಯುತ್ತಿದ್ದವಳು ನಾನು. ಹಿಡಿದು ಸುಮ್ಮನಿರುತ್ತಿರಲಿಲ್ಲ, ‘ಹಂಗಲ್ಲಪ್ಪಾ, ಹಿಂಗ’ ಎನ್ನುತ್ತಿದ್ದೆ. ಕೆಳಗಿನಿಂದ ಒಂದೇ ಉತ್ತರ: ‘ನಿನಗೇನ ತಿಳೀತದ? ಸುಮ್ನ ಹಿಡಿ.’ ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಿದ ಮೇಲೂ ಉತ್ತರ ಬದಲಾಗಲಿಲ್ಲ. ಆ ಕಾರಿನ ವಿಷಯದಲ್ಲಿ ಒಂದೇ ಒಂದು ಸಲ ಅಪ್ಪ ನನ್ನ ಮಾತಿಗೆ ಹೂಂ ಎನ್ನಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಕೊರೋನಾ ಲಸಿಕೆ ಹಾಕಿಸಿಕೊಂಡ ವರ್ಷ, ಬಹಳ ದಿನ ಗರಾಜಿನಲ್ಲಿ ನಿಂತಿದ್ದ ಕಾರನ್ನು ಮತ್ತೆ ರಸ್ತೆಗೆ ಇಳಿಸುವ ಹುಕಿ ಅಪ್ಪನಿಗೆ ಬಂತು. ಹಳೆಯ ಚಕ್ರಗಳಿಗೆ ತುಕ್ಕು ಹಿಡಿದಿತ್ತು, ಹೊಸದು ಬೇಕು. ನಾನು ಫೋರ್ಟ್ ಮಿಲ್‌ನಲ್ಲಿ ಇರುವವಳು, ಹಗಲೆಲ್ಲ ಬೇರಿಂಗ್ ಕಾರ್ಖಾನೆಯಲ್ಲಿ ತಿರುಗುವ ವಸ್ತುಗಳ ಅಳತೆ ನೋಡುವವಳು. ಅಪ್ಪ ಫೋನ್ ಮಾಡಿದ್ದು ಡರ್ಹಮ್ಮಿಗೆ, ಲ್ಯಾಬಿನಲ್ಲಿ ಇಲಿಗಳ ರಕ್ತ ಪರೀಕ್ಷಿಸುವ ಅಳಿಯನಿಗೆ. ಹಿತ್ತಲ ಗಿಡ ಮದ್ದಲ್ಲ.

ಅಳಿಯ ಇಂಟರ್ನೆಟ್ಟಿನಲ್ಲಿ ಹುಡುಕಿ ಮನೆಯ ಗ್ರೂಪಿಗೆ ಒಂದು ಫೋಟೋ ಹಾಕಿದ. ಅಗಲವಾದ, ಫಳಫಳ ಹೊಳೆಯುವ ಚಕ್ರಗಳು. ಬೋಲ್ಟುಗಳೇನೋ ಹೊಂದುತ್ತಿದ್ದವು. ಆದರೆ ಬೋಲ್ಟು ಹೊಂದಿದ ಮಾತ್ರಕ್ಕೆ ಚಕ್ರ ಹೊಂದುವುದಿಲ್ಲ. ಅದು ಎಷ್ಟು ಒಳಗೆ ಕೂಡುತ್ತದೆ, ಎಷ್ಟು ಹೊರಗೆ ಚಾಚುತ್ತದೆ ಎಂದು ನೋಡಬೇಕು. ಇವು ಬಹಳ ಹೊರಗೆ ಚಾಚುತ್ತಿದ್ದವು. ತಕ್ಷಣ ಅಪ್ಪನಿಗೆ ಫೋನ್ ಮಾಡಿದೆ.

‘ಅಪ್ಪಾ, ಹಿಂದಿನ ಸ್ಪ್ರಿಂಗ್ ಹಳೇವು. ಮಂದಿ ಕೂತರ ಗಾಡಿ ಕುಸೀತದ, ಟೈರು ಮ್ಯಾಲಿನ ಫೆಂಡರ್ ತಗಡಿನ ಅಂಚಿಗೆ ತಿಕ್ಕತದ. ಹಿಂದ ಮಂದೀನ್ನ ಕೂಡಿಸಿ ಅಳತಿ ತಗೋಬೇಕು.’

‘ಆ ಗಾಡ್ಯಾಗ ಹಿಂದ ಯಾರು ಕೂಡತಾರ? ನಿನಗೇನ ತಿಳೀತದ? ಅಳಿಯಾರು ನೋಡ್ಯಾರ.’

ಅದೇ ಸಂಜೆ ಅಳಿಯನಿಗೆ ಅಪ್ಪ ಹೇಳಿದ್ದು, ‘ಹೂಂ, ನೀವು ಹೇಳಿದಂಗ ಆಗಲಿ ತಗೋರಿ.’ ಗ್ರೂಪ್ ಕಾಲಿನಲ್ಲಿ ನಾನೂ ಇದ್ದೆ, ಕಿವಿಯಾರೆ ಕೇಳಿಸಿಕೊಂಡೆ. ನಮ್ಮ ಕಡೆ ಅಳಿಯನಿಗೆ ಇಲ್ಲ ಎನ್ನುವ ಪದ್ಧತಿಯಿಲ್ಲ. ಚೌಕದ ಚಕ್ರ ಹಾಕೋಣ ಎಂದಿದ್ದರೂ ಅಪ್ಪ ಹೂಂ ಎನ್ನುತ್ತಿದ್ದ.

ಖಂಡೇನವಮಿಗೆ ಎಲ್ಲರೂ ಎಲಿಕಾಟ್ ಸಿಟಿಯಲ್ಲಿ ಸೇರಿದೆವು. ಬೆಂಗಳೂರು ಮೂಲದ ಅಳಿಯ ಅದನ್ನು ಆಯುಧಪೂಜೆ ಎನ್ನುತ್ತಾನೆ. ಹೊಸ ಚಕ್ರಗಳ ಮೇಲೆ ಕಾರು ಜಬರ್ದಸ್ತಾಗಿಯೇ ಕಾಣುತ್ತಿತ್ತು, ಅದೂ ನನಗೆ ಸೇರಲಿಲ್ಲ. ಅಮ್ಮ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಳು. ಈ ದೇಶದಲ್ಲಿ ಇಂಥ ಕಾರು ಇಟ್ಟವರು ಮೊಳಕೈ ಕಿಟಕಿಯ ಮೇಲಿಟ್ಟು ಒಬ್ಬರೇ ಓಡಿಸುತ್ತಾರೆ. ನಮ್ಮಲ್ಲಿ ಪೂಜೆಯಾದ ಗಾಡಿಗೆ ಮನೆಮಂದಿಯೆಲ್ಲ ಹತ್ತಿ ಒಂದು ಸುತ್ತು ಹೋಗಿ ಬರಬೇಕು. ಅಳಿಯ ಸ್ಟಿಯರಿಂಗಿಗೆ, ಅಪ್ಪ ಪಕ್ಕಕ್ಕೆ. ಹಿಂದೆ ಅಮ್ಮ, ತಂಗಿ, ನಾನು, ನನ್ನ ತೊಡೆಯ ಮೇಲೆ ತಂಗಿಯ ಮಗಳು. ಆ ಸೀಟು ಮಾಡಿದವರು ನಮ್ಮಂಥ ಹೆಂಗಸರನ್ನು ಕನಸಿನಲ್ಲೂ ಕಂಡಿರಲಾರರು.

ನಿಂಬೆಹಣ್ಣು ಪಚಕ್ ಎಂದಿತು. ಡ್ರೈವ್‌ವೇ ಮುಗಿದು ರಸ್ತೆಗೆ ಇಳಿಯುವ ತಗ್ಗಿನಲ್ಲಿ ನನ್ನ ಬದಿಯಿಂದ ಜರ್ರ್ ಎಂದು ಸದ್ದು ಬಂತು. ಮುಂದೆ ಪ್ರತಿ ತಗ್ಗಿಗೂ ಅದೇ ಸದ್ದು.

‘ಅಜ್ಜಾ, ವಾಟ್ಸ್ ದಟ್ ಸ್ಮೆಲ್?’ ಎಂದಿತು ಮಗು.

ಸುಟ್ಟ ರಬ್ಬರಿನ ವಾಸನೆ. ಇಳಿದು ನೋಡಿದರೆ ಹೊಸ ಟೈರನ್ನು ಫೆಂಡರಿನ ಅಂಚು ಉದ್ದಕ್ಕೆ ಸೀಳಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಈಗಲಾದರೂ ಒಂದು ಮಾತು ಹೇಳುತ್ತಾನೆ ಎಂದು ಅಪ್ಪನ ಮುಖವನ್ನೇ ನೋಡುತ್ತ ನಿಂತೆ.

‘ಸಾರಿ ಮಾವ, ಲೋಡ್ ಹಾಕಿ ಚೆಕ್ ಮಾಡ್ಬೇಕು ಅಂತ ನಂಗೆ ಹೊಳೀಲೇ ಇಲ್ಲ. ಅಕ್ಕ ಹೇಳಿದ್ರು,’ ಎಂದ ಅಳಿಯ.

‘ಇರಲಿ ಬಿಡ್ರಿ, ಗಾಡಿ ಹಳೇದು. ಇದರಾಗ ನಿಮ್ಮದೇನ ತಪ್ಪು?’ ಎಂದು ಅಪ್ಪ ಅವನ ಬೆನ್ನು ತಟ್ಟಿದ.

ಅವರು ಡರ್ಹಮ್ಮಿಗೆ ಹೋದ ಮೇಲೆ ನಾನೂ ಅಪ್ಪನೂ ಗರಾಜಿನಲ್ಲಿ ಜಗಳವಾಡಿದೆವು. ಫೆಂಡರಿನ ಅಂಚನ್ನೇ ಬಡಿದು ಮಡಚೋಣ, ಅಳಿಯ ಆರಿಸಿದ ಚಕ್ರ ಇರಲಿ ಎಂದು ಅವನು. ಚಕ್ರ ವಾಪಸ್ ಕಳಿಸಿ ಒಳಗೆ ಕೂಡುವಂಥದ್ದು ತರಿಸೋಣ ಎಂದು ನಾನು. ಕೊನೆಗೆ ಕೇಳಿಯೇಬಿಟ್ಟೆ, ‘ಅವಗ ಹೂಂ ಅಂತೀ, ನನಗ ಯಾಕ ಅನ್ನೂದಿಲ್ಲ?’

‘ಅವರು ಹೊರಗಿನವರು. ಹೊರಗಿನವರ ಗೂಡ ಜಗಳಾಡ್ಲಿಕ್ಕೆ ಬರತದೇನು?’

ಅಷ್ಟಕ್ಕೇ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಅಪ್ಪ ಹೂಂ ಎನ್ನದಿದ್ದರೂ ಹಿಂದಿನ ಸೀಟಿನಲ್ಲಿ ಅಮ್ಮನನ್ನೂ ಅಕ್ಕಿ ಚೀಲಗಳನ್ನೂ ಕೂಡಿಸಿ ನಾನೇ ಅಳತೆ ತೆಗೆದೆ. ಅಮ್ಮ ಅಲ್ಲೇ ಕೂತು ಅವರೆಕಾಳು ಬಿಡಿಸಿದಳು. ನಾನು ತರಿಸಿದ ಚಕ್ರಗಳು ಸರಿಯಾಗಿ ಕೂತವು. ಮಂದಿ ತುಂಬಿದರೂ ಸದ್ದಿಲ್ಲ. ಕನ್ನಡದವರ ಪಿಕ್ನಿಕ್ಕಿನಲ್ಲಿ ಯಾರೋ ಅಂಕಲ್ ಚಕ್ರಗಳನ್ನು ಹೊಗಳಿದಾಗ ಅಪ್ಪ, ‘ನಮ್ಮ ಅಳಿಯಾರ ಐಡಿಯಾ ರೀ’ ಎಂದ. ನಾನು ಎದ್ದು ಚುರುಮುರಿ ತರಲು ಹೋದೆ.

ಆಮೇಲೆ ಅಳಿಯ ಕಾರಿನ ನೆಪದಲ್ಲಿ ಪದೇ ಪದೇ ಎಲಿಕಾಟ್ ಸಿಟಿಗೆ ಹೋಗತೊಡಗಿದ. ಮೊದಮೊದಲು ನಾಚಿಕೆಗೆ, ಬರಬರುತ್ತ ರುಚಿ ಹತ್ತಿ. ಡರ್ಹಮ್ಮಿನಿಂದ ದಾರಿ ಹತ್ತಿರ, ನನಗೆ ಇಡೀ ದಿನದ ಡ್ರೈವ್. ಅಪ್ಪನ ಮೊಣಕಾಲಿನ ಆಪರೇಶನ್ನಿಗೂ ಆಸ್ಪತ್ರೆಯಲ್ಲಿ ರಾತ್ರಿ ಜೊತೆಗೆ ಮಲಗಿದವನು ಅವನೇ.

ಹೋದ ವಸಂತದಲ್ಲಿ ನಾನು ಹೋದಾಗ ಅಪ್ಪ ಗರಾಜಿನಲ್ಲಿ ಸ್ಟೂಲಿನ ಮೇಲೆ ಟಾರ್ಚು ಹಿಡಿದು ಕೂತಿದ್ದ. ಕಾರಿನ ಕೆಳಗಿನಿಂದ ಅಳಿಯನ ಕಾಲುಗಳು ಕಾಣುತ್ತಿದ್ದವು. ಮುಂದಿನ ಸ್ಪ್ರಿಂಗೂ ಈಗ ಕುಸಿದಿದೆ, ಆ ಎರಡು ಚಕ್ರಗಳು ಇನ್ನೂ ಅರ್ಧ ಇಂಚು ಒಳಗೆ ಕೂಡಬೇಕು, ತಿರುವಿನಲ್ಲಿ ತಾಗುತ್ತವೆ ಎಂದೆ. ವಾದಕ್ಕೆ ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದೆ.

‘ಹೂಂ, ನೀ ಹೇಳಿದಂಗ ಆಗಲಿ ತಗೋ,’ ಎಂದ ಅಪ್ಪ. ‘ದಾರ್ಯಾಗ ಊಟಾ ಆತೇನು?’

ಎಂಟನೇ ವಯಸ್ಸಿನಿಂದ ಕಾದ ಹೂಂ ಅದು. ಅದನ್ನು ಏನು ಮಾಡಬೇಕೆಂದೇ ನನಗೆ ತಿಳಿಯಲಿಲ್ಲ.

ಕೆಳಗಿನಿಂದ ಅಳಿಯ, ‘ಮಾವ, ಇದನ್ನ ಆ ಕಡೆ ತಿರುಗಿಸ್ಬೇಕಲ್ವಾ?’ ಎಂದ.

‘ನಿನಗೇನ ತಿಳೀತದೋ? ಸುಮ್ನ ಹಿಡಿ,’ ಎಂದ ಅಪ್ಪ.

ನೀವು ಹೋಗಿ ನೀನು ಆಗಿತ್ತು. ಅಳಿಯ ನಗುತ್ತಿದ್ದ. ಅಷ್ಟು ವರ್ಷಗಳಲ್ಲಿ ಅವನ ಮೇಲೆ ಅಂಥ ಹೊಟ್ಟೆಕಿಚ್ಚು ನನಗೆ ಎಂದೂ ಆಗಿರಲಿಲ್ಲ.

ಟಾರ್ಚಿಗೆ ಕೈ ಚಾಚಿದೆ. ‘ಕೊಡಪ್ಪಾ, ನಾ ಹಿಡೀತೀನಿ.’

‘ಬ್ಯಾಡ,’ ಎಂದ ಅಪ್ಪ, ಕಾರಿನ ಕೆಳಗಿನಿಂದ ಕಣ್ಣು ತೆಗೆಯದೆ. ‘ದೂರದಿಂದ ಬಂದೀ. ಒಳಗ ಹೋಗಿ ಆರಾಮ ಕೂಡು.’